ಕೆಲಸದ ದಾರಿಗೆ ಹಚ್ಚಿದವರನ್ನು ಹುಡುಕಿ, ಹೋಗಿ, ಹೇಳಿ ಬರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಗೆ ದಿನಾ ಸಂಜೆ ಪಿಗ್ಮಿಯಣ್ಣ, ಅಂದರೆ ಬ್ಯಾಂಕಿನ ದಿನದ ಉಳಿತಾಯದ ದುಡ್ಡು ಸಂಗ್ರಹಿಸುವವರು, ಬರುತ್ತಿದ್ದರು. ಉಡುಪಿ ಹತ್ತಿರದ ಕಟಪಾಡಿಯಿಂದ ಒಳಗೆ, ಶಂಕರಪುರದ ದಾರಿಯಲ್ಲಿ ನಮ್ಮ ಮನೆ. ಅಮ್ಮ ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವರು ಸೈಕಲನ್ನು ಮಾವಿನಮರಕ್ಕೆ ಒರಗಿಸಿ ಜಗಲಿಯ ಅಂಚಿಗೆ ಕೂರುತ್ತಿದ್ದರು. ಅಮ್ಮ ಕೊಟ್ಟ ದುಡ್ಡನ್ನು ಕಾರ್ಡಿನಲ್ಲಿ ಬರೆಯುವ ಕೆಲಸ ನನ್ನದು, ಸಹಿ ಅವರದ್ದು. ಒಂದು ದಿನ 2 ರೂಪಾಯಿ, ಒಂದು ದಿನ 5, ಬೀಡಿ ಬ್ರಾಂಚಿನಲ್ಲಿ ಎಲೆ ಸಿಗದ ವಾರ ಸೊನ್ನೆ. ತಿಂಗಳ ಕೊನೆಗೆ ಒಟ್ಟು ಎಷ್ಟಾಯಿತೆಂದು ನಾನು ಹೇಳಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ. "ಮೇಲಿಂದ ಕೂಡಿಸಿದ್ದು ಸಾಕು, ಈಗ ಕೆಳಗಿಂದ ಮೇಲೆ ಕೂಡಿಸು ನೋಡುವ" ಎನ್ನುತ್ತಿದ್ದರು. ಬ್ಯಾಂಕು ಸೇರಿ 26 ವರ್ಷ ಆಯಿತು. ಈಗಲೂ ಟೋಟಲ್ ಸಿಗದಿದ್ದರೆ ಕೆಳಗಿಂದ ಮೇಲೆ ಕೂಡಿಸುತ್ತೇನೆ.

ಬಿ.ಕಾಂ. ಮುಗಿದ ವರ್ಷ ಅವರೇ ಬ್ಯಾಂಕ್ ನೇಮಕಾತಿಯ ಬಿಎಸ್‌ಆರ್‌ಬಿ ಪರೀಕ್ಷೆಯ ಫಾರಂ ತಂದುಕೊಟ್ಟರು. "ತಂಗೀ, ಇದನ್ನು ತುಂಬಿಸಿಡು. ಫೋಟೋ ಎರಡು ಬೇಕು. ಡಿಡಿ ನಾನು ಮಾಡಿಸಿ ತರ್ತೇನೆ" ಎಂದರು. ಅಷ್ಟೇ. ಉಪದೇಶ ಗಿಪದೇಶ ಏನೂ ಇಲ್ಲ. ನಾನು ಪಾಸಾದೆ, ಊರು ಬಿಟ್ಟೆ, ಮದುವೆಯಾಯಿತು, ವರ್ಗ ಆಯಿತು, ಮಕ್ಕಳಾದವು. ಅವರ ಎದುರು ಕೂತು ಒಂದು ಮಾತು ಹೇಳಿದ್ದು 23 ವರ್ಷ ಕಳೆದ ಮೇಲೆ.

ಆಮೇಲೆ, ನನ್ನನ್ನು ಈ ಕೆಲಸದ ದಾರಿಗೆ ಹಚ್ಚಿದ ಇನ್ನೂ ಐವರ ಮನೆಗಳಿಗೆ ಉಪಕಾರ ಹೇಳಲು ಹೋಗಿ ಬಂದೆ. ಎರಡು ಕಡೆ ಚೆನ್ನಾಗಿಯೇ ಎಡವಟ್ಟು ಮಾಡಿಕೊಂಡೆ. ನನ್ನ ಹಾಗೆ ನೀವೂ ಮುಜುಗರ ಪಡುವುದು ಬೇಡ ಎಂದು, ಏನು ಮಾಡಬೇಕು ಏನು ಮಾಡಬಾರದು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪಟ್ಟಿ ಮಾಡಿ, ಹಿಂದಿನಿಂದ ಮುಂದಕ್ಕಲ್ಲ

ನೆನಪಾದವರ ಹೆಸರೆಲ್ಲ ಬರೆಯುತ್ತಾ ಹೋದರೆ ಒಂದನೇ ಕ್ಲಾಸಿನ ಟೀಚರಿನಿಂದ ಶುರುವಾಗಿ ಪಟ್ಟಿ ಮದುವೆ ಕಾಗದದಷ್ಟು ಉದ್ದ ಆಗುತ್ತದೆ. ಉದ್ದ ಪಟ್ಟಿಯಿಂದ ಒಂದೂ ಕೆಲಸ ಆಗುವುದಿಲ್ಲ. ನಿಮ್ಮ ಬಯೋಡೇಟಾ ತೆಗೆಯಿರಿ. ಇವತ್ತಿನ ಕೆಲಸದಿಂದ ಹಿಂದಕ್ಕೆ ಹೋಗಿ. ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಕೇಳಿ: ಇವರು ಇಲ್ಲದಿದ್ದರೆ ಈ ಸಾಲು ಇಲ್ಲಿ ಇರುತ್ತಿತ್ತಾ?

ಹೀಗೆ ಕೇಳಿದಾಗ ನನಗೆ ಉಳಿದದ್ದು ಆರು ಜನ. ಪಿಗ್ಮಿಯಣ್ಣ, ಹೈಸ್ಕೂಲಿನ ಲೆಕ್ಕದ ಮಾಷ್ಟ್ರು, ಒಬ್ಬ ಇಂಗ್ಲಿಷ್ ಟೀಚರ್, ಪಿಯುಸಿಯ ಕಾಮರ್ಸ್ ಲೆಕ್ಚರರ್, ಟೈಪಿಂಗ್ ಕ್ಲಾಸಿನ ಟೀಚರ್, ಮತ್ತೆ ನನ್ನ ಮೊದಲ ಬ್ರಾಂಚಿನ ಹೆಡ್ ಕ್ಯಾಶಿಯರ್. ಇವರಲ್ಲಿ ಮೂವರು ಶಾಲೆ ಕಾಲೇಜಿನವರೇ ಅಲ್ಲ. ಗುರು ಎಂದರೆ ನಮಗೆ ಕೂಡಲೇ ಕರಿಹಲಗೆ ನೆನಪಾಗುತ್ತದೆ. ಹಾಗಾಗಿ ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ನರ್ಸಕ್ಕ, ಲೈಬ್ರರಿಯ ಗುಮಾಸ್ತರು ಎಲ್ಲ ಪಟ್ಟಿಯಿಂದ ಹೊರಗೇ ಉಳಿದುಬಿಡುತ್ತಾರೆ. ಅವರನ್ನೂ ಸೇರಿಸಿ.

ದಾರಿ ತಿರುಗಿಸಿದವರಿಗೆ ತಾವು ತಿರುಗಿಸಿದ್ದೇ ಗೊತ್ತಿಲ್ಲದಿರುವುದೂ ಉಂಟು. ಹರೇಕಳ ಹಾಜಬ್ಬರ ಕತೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದರು. ಇವರಿಗೆ ಉತ್ತರ ಹೇಳಲು ಬರಲಿಲ್ಲ. ಆ ನಾಚಿಕೆಯೇ ನ್ಯೂಪಡ್ಪುವಿನಲ್ಲಿ ಒಂದು ಶಾಲೆ ಕಟ್ಟಿಸಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ರೇಟು ಕೇಳಿದವರಿಗೆ ಇದರ ಸುದ್ದಿ ಹೇಗೆ ಗೊತ್ತಾಗಬೇಕು? ಅವರನ್ನು ಹುಡುಕಲಿಕ್ಕಾಗುವುದಿಲ್ಲ, ಸರಿ. ಆದರೆ ನಿಮ್ಮ ಪಟ್ಟಿಯಲ್ಲಿರುವವರು ಮಲ್ಪೆಯಲ್ಲೋ ಮೂಲ್ಕಿಯಲ್ಲೋ ಇದ್ದಾರೆ. ಅರ್ಧ ದಿನದ ಕೆಲಸ.

ಪಟ್ಟಿ ಆದ ಮೇಲೆ ವಯಸ್ಸಿನ ಪ್ರಕಾರ ಜೋಡಿಸಿ. ಹಿರಿಯರು ಮೊದಲು. ಯಾರು ಜಾಸ್ತಿ ಇಷ್ಟ, ಯಾರ ಮನೆ ಹತ್ತಿರ ಎಂದೆಲ್ಲ ನೋಡಬೇಡಿ. ನಾನು ಹತ್ತಿರದ ಮನೆಯಿಂದ ಶುರು ಮಾಡಿದೆ. ಟೈಪಿಂಗ್ ಟೀಚರ್ ಇದ್ದದ್ದು ಕಾರ್ಕಳದ ಕಡೆ, "ಮಳೆ ಮುಗಿಯಲಿ, ಹೋಗುವ" ಎಂದು ಮುಂದೆ ಹಾಕಿದೆ. ಒಂದು ಬೆಳಿಗ್ಗೆ ಚಾ ಕುಡಿಯುತ್ತಾ ಪೇಪರು ತಿರುಗಿಸಿದರೆ ನಿಧನದ ಕಾಲಮ್ಮಿನಲ್ಲಿ ಅವರ ಫೋಟೋ ಇತ್ತು.

ಎರಡನೆಯದು: ಅವರು ಮಾಡಿದ್ದೇನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ಎಲ್ಲದಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಎಲ್ಲರೂ ಹಾರಿ ಹೋಗುವುದೂ ಇದನ್ನೇ.

"ನೀವು ನನಗೆ ಸ್ಫೂರ್ತಿ" ಎಂದರೆ ಎದುರಿನವರಿಗೆ ಏನೂ ಸಿಗುವುದಿಲ್ಲ. ನಿವೃತ್ತಿಯ ದಿನ ಮೈಕಿನಲ್ಲಿ ಅದನ್ನು ಹತ್ತು ಜನ ಹೇಳಿ ಆಗಿರುತ್ತದೆ. ಅವರಿಗೆ ಗೊತ್ತಿಲ್ಲದಿರುವುದು ಬೇರೆ. ಯಾವ ದಿನ, ಯಾವ ಮಾತು, ಅದರಿಂದ ನಿಮ್ಮಲ್ಲಿ ಏನಾಯಿತು ಎನ್ನುವುದು. ಪಿಗ್ಮಿ ಕಟ್ಟಿದವರಿಗೆ ಅವಧಿ ಮುಗಿದಾಗ ಎಷ್ಟು ಕೈಗೆ ಬರುತ್ತದೆಂದು ಗೊತ್ತಿರುತ್ತದೆ. ಇವರು ನಮ್ಮಲ್ಲಿ ಇಟ್ಟದ್ದರ ಲೆಕ್ಕವನ್ನು ನಾವು ಹೇಳದಿದ್ದರೆ ಮತ್ತೆ ಯಾರು ಹೇಳುವುದು?

ವಾಕ್ಯ ಹೀಗಿರಲಿ: "ಅವರು ____ ಮಾಡಿದರು, ಅದರಿಂದ ನಾನು ____ ಆದೆ." ಮೊದಲ ಖಾಲಿ ಜಾಗದಲ್ಲಿ ಕಣ್ಣಿಗೆ ಕಾಣುವ ಕೆಲಸವೇ ಬರಬೇಕು. "ಪ್ರೋತ್ಸಾಹ ಕೊಟ್ಟರು" ಎಂದು ಬರೆದರೆ ಹೊಡೆದು ಹಾಕಿ. "ಡಿಡಿ ಮಾಡಿಸಿ ತಂದರು" ಎಂದು ಬರೆಯಿರಿ.

ಹೆಡ್ ಕ್ಯಾಶಿಯರರ ಬಗ್ಗೆ ನಾನು ಬರೆದದ್ದು: "ನೋಟು ಎಣಿಸುವಾಗ ಮ್ಯಾನೇಜರ್ ಕರೆದರೂ ತಲೆ ಎತ್ತಬೇಡ ಎಂದರು." ಆಗೆಲ್ಲ ಎಣಿಸುವ ಮೆಷಿನಿಗಿಂತ ಕೈಯೇ ಮುಂದೆ. ಒದ್ದೆ ಸ್ಪಂಜಿಗೆ ಬೆರಳು ಒತ್ತಿ, ಕಟ್ಟನ್ನು ಎಡಗೈಯಲ್ಲಿ ಮಡಿಸಿ ಹಿಡಿದು, ಹೆಬ್ಬೆರಳಿನಲ್ಲಿ ಒಂದೊಂದೇ ಬಿಡಬೇಕು. ನಾನು ನಡುವೆ ಯಾರಿಗೋ ಉತ್ತರ ಕೊಟ್ಟೆ. ಸಂಜೆ 500 ರೂಪಾಯಿ ಕಡಿಮೆ ಬಂತು, ಕೈಯಿಂದ ಕಟ್ಟಿದೆ. ಮರುದಿನ ಅವರು ಹೇಳಿದ್ದು ಆ ಒಂದು ಮಾತು. ಆಮೇಲೆ ಕ್ಯಾಶಿನಲ್ಲಿದ್ದ ಅಷ್ಟೂ ವರ್ಷ ನನ್ನ ಕೈಯಿಂದ ಒಂದು ರೂಪಾಯಿ ಹೋಗಿಲ್ಲ.

ಬರೆದದ್ದು ಸರಿಯಾ ಎಂದು ಮನೆಯಲ್ಲೋ ಹಳೆಯ ಗೆಳತಿಯರಲ್ಲೋ ಒಮ್ಮೆ ಕೇಳಿ. ನಾನು ಕೇಳಲಿಲ್ಲ. ನನ್ನ ಮೊದಲ ಎಡವಟ್ಟು ಅದೇ. ಇಂಗ್ಲಿಷ್ ಟೀಚರ್ ಮನೆಗೆ ಹೋಗಿ, "ನೀವು ಬೇಸಿಗೆ ರಜೆ ಪೂರ್ತಿ ನಿಮ್ಮ ಡಿಕ್ಷನರಿಯನ್ನು ನನಗೆ ಕೊಟ್ಟಿದ್ದಿರಿ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಾನಲ್ಲ ಮಾರಾಯ್ತಿ, ಹಿಂದಿ ಟೀಚರಾಗಿರಬೇಕು. ನನ್ನ ಹತ್ರ ಡಿಕ್ಷನರಿಯೇ ಇರಲಿಲ್ಲ" ಎಂದರು. ಇಬ್ಬರೂ ನಕ್ಕೆವು. ಆದರೆ ನಾನು ನಕ್ಕದ್ದು ಬೆವರುತ್ತಾ.

ಮೂರು: ಹುಡುಕುವುದು

ನಿವೃತ್ತರಾದ ಮಾಷ್ಟ್ರನ್ನು ಹುಡುಕುವುದು ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಅಷ್ಟು ಕಷ್ಟ ಅಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು, ಗೊತ್ತಿಲ್ಲದಿದ್ದರೆ "ಯಾರ ಪೈಕಿ?" ಎಂದು ಎರಡು ಪ್ರಶ್ನೆ ಕೇಳಿ ಗೊತ್ತು ಮಾಡಿಕೊಳ್ಳುತ್ತಾರೆ.

ಮೊದಲು ಶಾಲೆಯ ಆಫೀಸಿಗೆ ಹೋಗಿ. ಫೋನು ಮಾಡಿದರೆ "ಹಳೆಯ ರೆಕಾರ್ಡು ಇಲ್ಲ" ಎಂಬ ಉತ್ತರವೇ ಜಾಸ್ತಿ. ಹೋಗಿ ನಿಂತರೆ ಯಾರಾದರೂ ಒಬ್ಬರಿಗೆ ನೆನಪಾಗುತ್ತದೆ. ಶಾಲೆಗೆ 50, 75 ಅಥವಾ 100 ವರ್ಷ ತುಂಬಿದ್ದರೆ ಸ್ಮರಣ ಸಂಚಿಕೆ ಇದ್ದೇ ಇರುತ್ತದೆ. ಅದರಲ್ಲಿ ಹಿಂದಿನ ಅಧ್ಯಾಪಕರ ಹೆಸರು, ಊರು, ಕೆಲವೊಮ್ಮೆ ಫೋಟೋ ಇರುತ್ತದೆ. ನನಗೆ ಲೆಕ್ಕದ ಮಾಷ್ಟ್ರ ಊರು ಸಿಕ್ಕಿದ್ದು ಅಂಥದೇ ಒಂದು ಪುಸ್ತಕದಲ್ಲಿ, ಅಡಿಕೆ ವ್ಯಾಪಾರಿಯೊಬ್ಬರ ಶುಭಾಶಯದ ಜಾಹೀರಾತಿನ ಪಕ್ಕ. ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯನ್ನೂ ಕೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಕೇಳುವುದಾದರೆ "ಯಾರಿಗಾದರೂ ಗೊತ್ತಾ?" ಎನ್ನುವ ಬದಲು ಇಬ್ಬರು ಮೂವರಿಗೆ ಬೇರೆಯಾಗಿ ಮೆಸೇಜು ಹಾಕಿ. ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರ ಮಾತ್ರ ಬರುತ್ತದೆ.

ಶಾಲೆಯವರಲ್ಲದವರನ್ನು ಹುಡುಕಲು ಪೇಟೆಯ ಹಳೆಯ ಅಂಗಡಿಯೇ ಗತಿ. ಪಿಗ್ಮಿಯಣ್ಣನ ಮನೆ ತೋರಿಸಿದ್ದು ಅವರು ದಿನಾ ಕಲೆಕ್ಷನಿಗೆ ಹೋಗುತ್ತಿದ್ದ ಜಿನಸಿನ ಅಂಗಡಿಯವರು. ಬ್ಯಾಂಕಿನಲ್ಲಿ ವಿಚಾರಿಸುವವರಿಗೆ ಒಂದು ಮಾತು: ಹೆಸರು ಬದಲಾಗಿದೆ ಎನ್ನುವುದು ನೆನಪಿರಲಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ನಿಮ್ಮ ನೆನಪಿನ ಬೋರ್ಡು ಈಗ ಅಲ್ಲಿ ಇರಲಿಕ್ಕಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಬ್ಯಾಂಕಿನವಳು. ಎದುರಿಗೆ ಕಂಪ್ಯೂಟರು ಇದೆ. ಮಾಷ್ಟ್ರ ಪೆನ್ಶನ್ ಖಾತೆ ನಮ್ಮಲ್ಲೇ ಇದ್ದಿರಬಹುದು, ಹೆಸರು ಹಾಕಿ ನೋಡಿದರೆ ಎರಡು ನಿಮಿಷದ ಕೆಲಸ. ಬೆರಳು ಕೀಬೋರ್ಡಿನ ಮೇಲೆ ಹೋಗಿತ್ತು ಕೂಡ. ಮಾಡಲಿಲ್ಲ. ಗ್ರಾಹಕರ ವಿವರ ಇರುವುದು ನಮ್ಮ ಸ್ವಂತ ಆಸೆಗಲ್ಲ, ಒಳ್ಳೆಯ ಆಸೆಯಾದರೂ ಅಷ್ಟೇ. ಆಸ್ಪತ್ರೆ, ಮೊಬೈಲ್ ಕಂಪೆನಿ, ಸರಕಾರಿ ಕಚೇರಿಯಲ್ಲಿ ಇರುವವರಿಗೂ ಇದೇ ಮಾತು. ನೀವು ಬೇರೆಯವರ ಕೈಯಿಂದ ತೆಗೆಸುವುದೂ ಬೇಡ. ಮಧ್ಯದಲ್ಲಿ ಒಬ್ಬರು ಸಿಕ್ಕಿದರೆ ನಿಮ್ಮ ನಂಬರು ಕೊಟ್ಟು "ಅವರಿಗೆ ತಲುಪಿಸ್ತೀರಾ?" ಎಂದು ಕೇಳಿ. ಕರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕಾಗದ ಬರೆಯುವುದು

ನೇರವಾಗಿ ಹೋಗಿ ಬಾಗಿಲು ತಟ್ಟುವುದಕ್ಕಿಂತ ಮೊದಲೊಂದು ಕಾಗದ ಹಾಕುವುದು ಒಳ್ಳೆಯದು ಎಂದು ನನ್ನ ಅನುಭವ. ಎಪ್ಪತ್ತು ದಾಟಿದವರಿಗೆ ಗುರುತು ಹಿಡಿಯಲು ಸಮಯ ಬೇಕು. ಕಾಗದವನ್ನು ಅವರು ನಾಲ್ಕು ಸಲ ಓದುತ್ತಾರೆ, ಹೆಂಡತಿಗೋ ಗಂಡನಿಗೋ ಓದಿ ಹೇಳುತ್ತಾರೆ, ನೀವು ಹೋಗುವಷ್ಟರಲ್ಲಿ ತಯಾರಾಗಿರುತ್ತಾರೆ. ನಾವೂ ಅಷ್ಟೇ, ಎದುರು ನಿಂತಾಗ ಬಾಯಿ ಕಟ್ಟುತ್ತದೆ. ಬರೆದಿಟ್ಟರೆ ಹೇಳಬೇಕಾದದ್ದು ಹೇಳಿ ಆಗಿರುತ್ತದೆ.

ಕೈಬರಹ ಚೆನ್ನಾಗಿದ್ದರೆ ಕೈಯಲ್ಲೇ ಬರೆಯಿರಿ, ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು. ನನ್ನ ಹಾಗೆ ಬರೇ ಸಹಿ ಹಾಕಿ ಕೈ ಕೆಟ್ಟವರು ಟೈಪ್ ಮಾಡಿಸಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಕೊನೆಯ ಎರಡು ಸಾಲು ಮಾತ್ರ ಪೆನ್ನಿನಲ್ಲಿ ಬರೆಯಿರಿ. ಒಂದು ಪುಟ ಸಾಕು. ಲೆಕ್ಕದ ಮಾಷ್ಟ್ರಿಗೆ ನಾನು ಬರೆದದ್ದು ಇದು:

"ಮಾಷ್ಟ್ರಿಗೆ ನಮಸ್ಕಾರಗಳು. ನಾನು 1993ರ ಎಸ್ಸೆಸ್ಸೆಲ್ಸಿ ಬ್ಯಾಚಿನವಳು. ಕಿಟಕಿ ಬದಿಯ ಎರಡನೇ ಬೆಂಚು. ಬೀಡಿ ಕಟ್ಟುವವರ ಮಗಳು, ಮಳೆಗಾಲದಲ್ಲಿ ದಿನಾ ತಡವಾಗಿ ಬರುತ್ತಿದ್ದೆ. ನಿಮಗೆ ನೆನಪಿಲ್ಲದಿದ್ದರೂ ಪರವಾಗಿಲ್ಲ.

ಒಂದು ದಿನ ನೀವು ಹಲಗೆಯಲ್ಲಿ ಚಕ್ರಬಡ್ಡಿಯ ಲೆಕ್ಕ ಮಾಡಿದಾಗ ನಾನು ಉತ್ತರ ತಪ್ಪು ಎಂದೆ. ಕ್ಲಾಸು ನಕ್ಕಿತು. ನೀವು ನಗಲಿಲ್ಲ. ಹಲಗೆ ಒರೆಸಿ ಚಾಕ್‌ಪೀಸನ್ನು ನನ್ನ ಕೈಗೆ ಕೊಟ್ಟಿರಿ. ಮೂರನೇ ವರ್ಷದ ಬಡ್ಡಿಯನ್ನು ಎರಡನೇ ವರ್ಷದ ಅಸಲಿಗೆ ಹಾಕಿದ್ದು ನಿಮ್ಮ ತಪ್ಪು. 'ಸರಿ, ನನ್ನದು ತಪ್ಪಿದೆ' ಎಂದು ಎಲ್ಲರ ಎದುರು ಹೇಳಿದಿರಿ.

ಈಗ ನಾನು ಮಂಗಳೂರಿನಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಇದ್ದೇನೆ. ಮೇಲಿನವರ ಲೆಕ್ಕ ತಪ್ಪಿದರೆ ಹೇಳಲು ಹೆದರುವುದಿಲ್ಲ. ನನ್ನದು ತಪ್ಪಿದರೆ ಒಪ್ಪಲೂ ಹೆದರುವುದಿಲ್ಲ. ಎರಡನ್ನೂ ಅವತ್ತು ಕಲಿತೆ.

ಉತ್ತರ ಬರೆಯಬೇಕೆಂದಿಲ್ಲ. ಒಂದು ದಿನ ಬಂದು ನೋಡುವ ಆಸೆ ಇದೆ. ಅನುಕೂಲ ಇದ್ದರೆ ಮನೆಯವರು ಯಾರಾದರೂ ಈ ನಂಬರಿಗೆ ಒಂದು ಮಾತು ಹೇಳಿದರೆ ಸಾಕು."

ಇದರಲ್ಲಿ "ಕೃತಜ್ಞತೆ" ಎನ್ನುವ ಶಬ್ದ ಇಲ್ಲ, ನೋಡಿ. ಬೇಕಾಗಲಿಲ್ಲ. ನಮ್ಮ ಕಡೆ ಮಾತಿನಲ್ಲಿ ಅದು ಬರುವುದೂ ಇಲ್ಲ. ಸ್ಟೇಜಿನಲ್ಲಿ ತುಳುವಿನವರು "ಸೊಲ್ಮೆಲು" ಎನ್ನುತ್ತಾರೆ, ಕೊಂಕಣಿ ಕ್ರಿಶ್ಚಿಯನ್ನರಿಗೆ "ದೇವ್ ಬರೆಂ ಕರುಂ" ಎನ್ನುವ ಚಂದದ ಮಾತಿದೆ. ಮನೆಯ ಜಗಲಿಯಲ್ಲಿ ಮಾತ್ರ ಎಲ್ಲರೂ "ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದು ಹೇಳಿ ಬೇರೆ ಕಡೆ ನೋಡುತ್ತೇವೆ. ಅದೇ ಸಾಕು. ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಗೊಂದಲ ಬಂದರೆ, ಆಗ ಅವರೊಡನೆ ಯಾವುದರಲ್ಲಿ ಮಾತಾಡುತ್ತಿದ್ದಿರೋ ಅದರಲ್ಲೇ. ಮನೆಯಲ್ಲಿ ತುಳುವಾದರೂ ಮಾಷ್ಟ್ರ ಹತ್ತಿರ ನನ್ನದು ಕನ್ನಡವೇ. ತುಳುವಿನಲ್ಲಿ ಮಾತಾಡಿದ್ದರೆ ಇಬ್ಬರಿಗೂ ಬೇರೆ ಯಾರೋ ಬಂದ ಹಾಗೆ ಆಗುತ್ತಿತ್ತು.

ಅಂಚೆಯ ವಿಷಯ ಚುಟುಕಾಗಿ: ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ, ಸ್ಪೀಡ್ ಪೋಸ್ಟ್ ಮಾಡಿ. ಪಿನ್‌ಕೋಡ್ ಸರಿಯಾಗಿ ಹಾಕಿ. ಉಡುಪಿ ಎಂದ ಕೂಡಲೇ ಎಲ್ಲರೂ 576101 ಬರೆಯುತ್ತಾರೆ. ಕಾಪು 574106, ಕಟಪಾಡಿ 574105.

ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವವರಿಗೆ ಕಾಗದದ ಬದಲು ವಾಯ್ಸ್ ಮೆಸೇಜು ಕಳಿಸಿ, ಒಂದೂವರೆ ನಿಮಿಷ ಮೀರದ ಹಾಗೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಬೆಳಿಗ್ಗೆ ಆರಕ್ಕೆ ಕಳಿಸಿ ಎಬ್ಬಿಸಬೇಡಿ.

ಹೋಗುವ ದಿನ

ಶಿಕ್ಷಕರ ದಿನ ಬೇಡ. ಸೆಪ್ಟೆಂಬರ್ 5ಕ್ಕೆ ಅವರನ್ನು ಯಾವುದಾದರೂ ಕ್ಲಬ್ಬಿನವರು ಕರೆದುಕೊಂಡು ಹೋಗಿರುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಕೊಡೆ ಹಿಡಿದುಕೊಂಡು ಅವರ ಜಗಲಿ ಪೂರ್ತಿ ನೀರು ಮಾಡುವುದೂ ಬೇಡ. ಮೇ ತಿಂಗಳಲ್ಲಿ ಮದುವೆಗಳ ಗಲಾಟೆ. ದೀಪಾವಳಿ ಕಳೆದ ಮೇಲಿನ ವಾರಗಳು ಒಳ್ಳೆಯದು, ಆದರೆ ಊರಿನಲ್ಲಿ ದೈವದ ಕೋಲವೋ ಜಾತ್ರೆಯೋ ಇದೆಯಾ ಎಂದು ಕೇಳಿಕೊಳ್ಳಿ. ಹೊತ್ತು ಬೆಳಿಗ್ಗೆ ಹತ್ತೂವರೆ ಅಥವಾ ಸಂಜೆ ನಾಲ್ಕೂವರೆ. ಊಟದ ಹೊತ್ತಿಗೆ ಹೋದರೆ ಆ ಮನೆಯ ಅಮ್ಮ ಗಂಜಿ ಬದಿಗಿಟ್ಟು ನಿಮಗಾಗಿ ಮತ್ತೆ ಅಡುಗೆ ಮಾಡಬೇಕಾಗುತ್ತದೆ.

ಈಗ ನನ್ನ ಎರಡನೇ ಎಡವಟ್ಟು. ಕಾಮರ್ಸ್ ಲೆಕ್ಚರರ ಮನೆಗೆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಕೈಯಲ್ಲಿ ಶಾಲು, ಹಾರ, ಒಂದು ಕೆಜಿ ಸ್ವೀಟ್ಸಿನ ಬಾಕ್ಸು. ಜೊತೆಗೆ ಫೋಟೋ ತೆಗೆಯಲು ಒಬ್ಬ ಗೆಳತಿ. ಸರ್ ಮಲಗಿದ್ದವರು ಎದ್ದು ಬಂದು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತರು. ಶಾಲು ಹೊದಿಸಿದೆ. "ಇತ್ತ ನೋಡಿ ಸರ್" ಎಂದು ಗೆಳತಿ ನಾಲ್ಕು ಸಲ ಹೇಳಿದಳು. ಸ್ವೀಟ್ಸ್ ಕೊಟ್ಟಾಗ ಮೇಡಂ ಮೆಲ್ಲಗೆ "ಇವರಿಗೆ ಶುಗರ್ ಉಂಟು" ಎಂದರು. ಷೋಕೇಸಿನಲ್ಲಿ ಹಿಂದಿನ ಸನ್ಮಾನಗಳ ಸ್ಮರಣಿಕೆಗಳು ಸಾಲಾಗಿ ನಿಂತಿದ್ದವು, ಎರಡಕ್ಕೆ ಪ್ಲಾಸ್ಟಿಕ್ ಕವರು ಕೂಡ ತೆಗೆದಿರಲಿಲ್ಲ. ಹೇಳಬೇಕೆಂದುಕೊಂಡು ಹೋದ ಮಾತು ಗಂಟಲಲ್ಲೇ ಉಳಿಯಿತು. ಹದಿನೈದು ನಿಮಿಷದಲ್ಲಿ ಹೊರಗೆ ಬಂದೆವು.

ಆದ್ದರಿಂದ ಶಾಲು ಬೇಡ. ಸನ್ಮಾನ ಬೇಡ. ನಮ್ಮ ಕಡೆ ಸನ್ಮಾನ ಜಾಸ್ತಿಯಾಗಿದೆ, ಮಾತು ಕಡಿಮೆಯಾಗಿದೆ.

ಕೈಯಲ್ಲಿ ಏನು ಹಿಡಿದುಕೊಂಡು ಹೋಗುವುದು ಹಾಗಾದರೆ? ಹೂ ಮುಡಿಯುವವರಿದ್ದರೆ ಶಂಕರಪುರ ಮಲ್ಲಿಗೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಸೀಸನ್ನಿನಲ್ಲಿ ರೇಟು ಕೇಳಿದರೆ ತಲೆ ತಿರುಗುತ್ತದೆ, ಒಂದು ಚೆಂಡು ಧಾರಾಳ. ಮಟ್ಟುಗುಳ್ಳ (ಮಟ್ಟು ಊರಿನ ಬದನೆ) ಸಿಗುವ ಸಮಯವಾದರೆ ಎರಡು ಕೆಜಿ ಗುಳ್ಳ ತೆಗೆದುಕೊಂಡು ಹೋಗಿ. ನಗಬೇಡಿ. ಮುಂಬೈಯಲ್ಲಿ ಮಗನ ಮನೆಯಿಂದ ಆಗ ತಾನೇ ಊರಿಗೆ ಬಂದಿದ್ದ ಲೆಕ್ಕದ ಮಾಷ್ಟ್ರಿಗೆ ಅದನ್ನು ಕೊಟ್ಟಾಗ ಆದ ಖುಷಿ ಯಾವ ಶಾಲಿಗೂ ಆಗುವುದಿಲ್ಲ. "ನಾಳೆ ಹುಳಿ" ಎಂದು ಒಳಗೆ ಕೂಗಿ ಹೇಳಿದರು. ಇನ್ನೂ ಒಳ್ಳೆಯದೆಂದರೆ ನಿಮ್ಮ ಕೆಲಸದ್ದೇ ಏನಾದರೂ. ಮರದ ಕೆಲಸದವರಾದರೆ ನೀವೇ ಮಾಡಿದ ಒಂದು ಮಣೆ, ನರ್ಸ್ ಆದರೆ ಕೂತು ಬಿಪಿ ನೋಡಿ ಕೊಡುವುದು.

ಹೋದ ಮೇಲೆ ಬೆಲ್ಲ ನೀರು ಕೊಡುತ್ತಾರೆ, ಬೇಡ ಎನ್ನಬೇಡಿ. ಕಾಲಿಗೆ ನಮಸ್ಕಾರ ಮಾಡುವುದಾದರೆ ಅವರು ಕೂತಿರುವಾಗ ಮಾಡಿ. ನಿಂತಿದ್ದರೆ ತಡೆಯಲು ಬಗ್ಗುತ್ತಾರೆ, ಮಂಡಿ ನೋವಿನವರು. ಎಲ್ಲ ಧರ್ಮದವರಿಗೂ ಅದು ಹಿಡಿಸುವುದಿಲ್ಲ ಎನ್ನುವುದೂ ನೆನಪಿರಲಿ. ಮೊದಲು ಅವರ ಆರೋಗ್ಯ, ಮಕ್ಕಳು, ತೋಟ. ಹತ್ತು ನಿಮಿಷ ಆದ ಮೇಲೆ ನಿಮ್ಮ ಆ ಒಂದು ವಾಕ್ಯ. ಹೇಳಿ ಸುಮ್ಮನಾಗಿ. ಅವರು ಬಹುಶಃ "ನಾನೆಂತ ಮಾಡಿದ್ದು, ನೀನು ಓದಿದೆ, ಆಯ್ತು" ಎನ್ನುತ್ತಾರೆ. ವಾದ ಮಾಡಬೇಡಿ. ಎರಡು ನಿಮಿಷ ಬಿಟ್ಟು ಅವರೇ "ಆಮೇಲೆ ಎಂತಾಯ್ತು?" ಎಂದು ಕೇಳುತ್ತಾರೆ. ಆಗ ನಿಮ್ಮ ಇಡೀ ಕತೆ ಹೇಳಿ, ಸಂಬಳದ ವಿಷಯ ಬಿಟ್ಟು.

ಫೋಟೋ ಬೇಕಾದರೆ ಹೊರಡುವಾಗ ಒಂದು, ಕೇಳಿಯೇ. ಸ್ಟೇಟಸ್ಸಿಗೆ ಹಾಕುವ ಮೊದಲು ಮತ್ತೆ ಕೇಳಬೇಕು. ಮೂಗಿಗೆ ನಳಿಕೆ ಹಾಕಿ ಮಲಗಿದವರ ಜೊತೆ ಫೋಟೋ ತೆಗೆದು "ನನ್ನ ಗುರುಗಳೊಂದಿಗೆ" ಎಂದು ಹಾಕುವವರನ್ನು ನೋಡಿದ್ದೇನೆ. ಅದು ಯಾರಿಗಾಗಿ ಹೇಳಿ?

ಕಷ್ಟದ ಸಂದರ್ಭಗಳು

ಅವರಿಗೆ ನಿಮ್ಮ ನೆನಪೇ ಇಲ್ಲ. ಇದು ಸಾಮಾನ್ಯ. "ನೆನಪಾಯ್ತಾ? ನೆನಪಾಯ್ತಾ?" ಎಂದು ಪರೀಕ್ಷೆ ಮಾಡಬೇಡಿ. ಮರೆವಿನ ಕಾಯಿಲೆ ಇದ್ದವರಲ್ಲಂತೂ ನಿಮ್ಮ ಬಗ್ಗೆ ಬಿಟ್ಟು, ಆಗಿನ ಶಾಲೆಯ ಬಾವಿ, ಗಂಟೆ, ಅಂಗಳದ ಮರದ ಬಗ್ಗೆ ಮಾತಾಡಿ.

ಉಪಕಾರವನ್ನೂ ಮಾಡಿದರು, ನೋವನ್ನೂ ಕೊಟ್ಟರು. ನನ್ನ ಹೆಡ್ ಕ್ಯಾಶಿಯರ್ ಹಾಗೆಯೇ. ನೋಟು ಎಣಿಸಲು ಕಲಿಸಿದ ಬಾಯಲ್ಲೇ ನನ್ನ ಕನ್ನಡ ಮೀಡಿಯಂ ಇಂಗ್ಲಿಷನ್ನು ಕೌಂಟರಿನಲ್ಲಿ ಗ್ರಾಹಕರ ಎದುರು ಆಡಿಕೊಂಡಿದ್ದರು. ಹೋಗಬೇಕಾ ಬೇಡವಾ ಎಂದು ವರ್ಷ ಯೋಚಿಸಿದೆ. ಕೊನೆಗೆ ಹೋದೆ. ಎಣಿಸಿದ ವಿಷಯಕ್ಕೆ ಉಪಕಾರ ಹೇಳಿದೆ, ಇಂಗ್ಲಿಷಿನ ವಿಷಯ ಎತ್ತಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಎರಡು ಬೇರೆ ಬೇರೆ ಖಾತೆ. ಒಂದರ ಜಮೆಯನ್ನು ಇನ್ನೊಂದಕ್ಕೆ ಹಾಕಬೇಕಾಗಿಲ್ಲ. ನೋವೇ ದೊಡ್ಡದಾಗಿದ್ದರೆ ಹೋಗಲೇಬೇಡಿ, ಯಾರೂ ಕೇಳುವುದಿಲ್ಲ.

ಅವರು ಕಷ್ಟದಲ್ಲಿದ್ದಾರೆ. ಎಲ್ಲರೆದುರು ಲಕೋಟೆ ಕೊಡಬೇಡಿ. ಮಗನನ್ನೋ ಮಗಳನ್ನೋ ಬದಿಗೆ ಕರೆದು, ಮದ್ದಿನ ಬಿಲ್ಲು, ಕರೆಂಟು ಬಿಲ್ಲು ಹೀಗೆ ಇಂಥದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಕೇಳಿ. ಪಿಗ್ಮಿ ಕಲೆಕ್ಟರುಗಳು ಕಮಿಶನ್ನಿಗೆ ದುಡಿದವರು, ತಿಂಗಳ ಸಂಬಳದವರಲ್ಲ ಎನ್ನುವುದು ನನಗೆ ಬ್ಯಾಂಕು ಸೇರಿದ ಮೇಲೆಯೇ ಅರ್ಥ ಆದದ್ದು.

ಅವರು ನಿಮ್ಮಲ್ಲಿ ಏನೋ ಕೇಳುತ್ತಾರೆ. ಒಂದು ಮನೆಯಲ್ಲಿ ಚಾ ಕುಡಿದು ಮುಗಿಯುವ ಮೊದಲೇ ಅಳಿಯನ ಹೋಟೆಲಿಗೆ ಸಾಲದ ಮಾತು ಬಂತು. ಬ್ರಾಂಚಿಗೆ ಬರಲು ಹೇಳಿದೆ, ಯಾವ ಕಾಗದ ಬೇಕೆಂದು ಬರೆದುಕೊಟ್ಟೆ, ಫೈಲನ್ನು ನಾನು ಮುಟ್ಟುವುದಿಲ್ಲ, ಸಹೋದ್ಯೋಗಿ ನೋಡುತ್ತಾರೆ ಎಂದೂ ಹೇಳಿದೆ. ಉಪಕಾರ ಬೇರೆ, ಸಾಲ ಮಂಜೂರಾತಿ ಬೇರೆ. ಸ್ವಲ್ಪ ಬೇಸರ ಮಾಡಿಕೊಂಡರು. ಇರಲಿ.

ತಡವಾಗಿಬಿಟ್ಟರೆ

ಟೈಪಿಂಗ್ ಟೀಚರ್ ತೀರಿಕೊಂಡು ಹದಿನೈದು ದಿನ ಆದ ಮೇಲೆ ಅವರ ಮನೆಗೆ ಹೋದೆ. ಬೊಜ್ಜ (ಉತ್ತರಕ್ರಿಯೆ) ಮುಗಿದು ನೆಂಟರು ಹೋಗಿ ಮನೆ ಖಾಲಿಯಾಗುವ ಹೊತ್ತು ಅದು. ಮಗಳಿದ್ದಳು. ನಾನು ಹೇಳಿದ್ದು: "ನಿಮ್ಮ ಅಮ್ಮ ನನ್ನಿಂದ ಮೂರು ತಿಂಗಳ ಫೀಸು ತೆಗೆದುಕೊಳ್ಳಲಿಲ್ಲ. 'ಕೆಲಸ ಸಿಕ್ಕಿದ ಮೇಲೆ ಕೊಡು' ಎಂದರು. ನಾನು ಕೊಡಲೇ ಇಲ್ಲ." ಮಗಳಿಗೆ ಇದು ಗೊತ್ತಿರಲಿಲ್ಲ. ಒಳಗೆ ಹೋಗಿ ಹಳೆಯ ಅಟೆಂಡೆನ್ಸ್ ಪುಸ್ತಕ ತಂದಳು. ನನ್ನ ಹೆಸರಿನ ಎದುರು ಮೂರು ತಿಂಗಳಿಗೂ "ಸಂದಾಯ" ಎಂದು ಬರೆದಿತ್ತು. ಕ್ಲಾಸಿನ ಬೇರೆ ಪಾಲುದಾರರು ಕೇಳಬಾರದೆಂದು ಟೀಚರ್ ತನ್ನ ಕೈಯಿಂದ ಹಾಕಿರಬೇಕು.

ಮನೆಯವರಿಗೆ ಹೇಳುವುದು ತಡವಾದವರಿಗೆ ಇರುವ ಮೊದಲ ದಾರಿ. ಫೋನಿನಲ್ಲಲ್ಲ, ಹೋಗಿ. ಎರಡನೆಯದು, ಅದೇ ರೀತಿಯ ಸಹಾಯವನ್ನು ಇನ್ನೊಬ್ಬರಿಗೆ ಮಾಡುವುದು. ಟೈಪಿಂಗ್ ಕ್ಲಾಸುಗಳು ಈಗ ಇಲ್ಲದ ಹಾಗೆಯೇ. ನಾನು ಒಬ್ಬಳು ಹುಡುಗಿಯ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕೋರ್ಸಿನ ಫೀಸು ಕಟ್ಟಿದೆ. ಶಾಲೆಗೆ ಕೊಡುವುದಾದರೆ ದತ್ತಿನಿಧಿ ಇಡಬಹುದು: ಒಂದು ಮೊತ್ತವನ್ನು ಠೇವಣಿ ಇಟ್ಟು, ಬಡ್ಡಿಯಲ್ಲಿ ಪ್ರತಿವರ್ಷ ಬಹುಮಾನವೋ ಫೀಸೋ ಕೊಡುವ ಕ್ರಮ. ಸರಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಜೊತೆ ಮಾತಾಡಿ, ಶರತ್ತನ್ನು ಬರಹದಲ್ಲಿ ಮಾಡಿಕೊಂಡು, ರಶೀದಿ ತೆಗೆದುಕೊಳ್ಳಿ. ಬ್ಯಾಂಕಿನವಳಾಗಿ ಒಂದು ಎಚ್ಚರಿಕೆ: ಸಣ್ಣ ಮೊತ್ತದ ಬಡ್ಡಿಯಲ್ಲಿ ವರ್ಷಕ್ಕೆ ನಾಲ್ಕು ನೋಟ್‌ಬುಕ್ ಕೂಡ ಬರುವುದಿಲ್ಲ. ಅಂಥಾಗ ಒಮ್ಮೆಗೇ ಪುಸ್ತಕವೋ ಫ್ಯಾನೋ ಕೊಡುವುದು ವಾಸಿ.

ನೋಡಿಯೇ ಇಲ್ಲದವರು

ಕೆಲವರಿಗೆ ತಮ್ಮ ಕಸುಬನ್ನೇ ಊರಿಗೆ ತಂದವರ ನೆನಪು ದೊಡ್ಡದು. ನನಗೂ ಇದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ತೆರೆದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇನ್ನೊಂದು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಸಿಂಡಿಕೇಟ್ ಶುರುವಾದದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡಲು, ಅದರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇದ್ದರು. ದಿನಕ್ಕೆ ಎರಡಾಣೆಯ ಪಿಗ್ಮಿ ಹುಟ್ಟಿದ್ದು 1928ರಲ್ಲಿ, ಅಲ್ಲಿಯೇ. ಅದು ಇಲ್ಲದಿದ್ದರೆ ನಮ್ಮ ಜಗಲಿಗೆ ಸೈಕಲ್ ಬರುತ್ತಿರಲಿಲ್ಲ. ಇಂಥವರಿಗೆ ಏನು ಮಾಡುವುದು? ಸುಮ್ನೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಹಾಜಿ ಅಬ್ದುಲ್ಲಾರ ಹಳೆ ಮನೆ ಉಡುಪಿಯಲ್ಲಿ ಈಗ ನಾಣ್ಯಗಳ ಸಂಗ್ರಹಾಲಯ. ನನ್ನ ಮಗನಿಗೆ ನಾಣ್ಯ ಬೋರ್ ಹೊಡೆಯಿತು, ಮನೆ ಇಷ್ಟವಾಯಿತು.

ಬಂದ ಮೇಲೆ

ಒಂದು ಸಲ ಹೋಗಿ ಬಂದು ಪಟ್ಟಿಯಲ್ಲಿ ಗೀಟು ಎಳೆಯುವ ಕೆಲಸ ಅಲ್ಲ ಇದು. ಆದರೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ ಎಂದು ಮಾತು ಕೊಡಬೇಡಿ, ಆಗುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಸಾಕು. ಮನೆಯ ಇನ್ನೊಬ್ಬರ ನಂಬರೂ ಇಟ್ಟುಕೊಳ್ಳಿ. ಹಿರಿಯರ ಫೋನು ಚಾರ್ಜ್ ಇಲ್ಲದೆ ಬಿದ್ದಿರುವುದೇ ಜಾಸ್ತಿ.

ಕೆಲವೊಮ್ಮೆ ಅವರೇ ಮಾಡುತ್ತಾರೆ. ಹೋದ ದೀಪಾವಳಿ ಕಳೆದ ವಾರ ಪಿಗ್ಮಿಯಣ್ಣನ ಫೋನು ಬಂತು. ಏನೋ ಆಗಿದೆ ಎಂದು ಹೆದರಿದೆ.

"ತಂಗೀ, ಎಫ್‌ಡಿಗೆ ಈಗ ಎಷ್ಟು ಕೊಡ್ತೀರಿ?" ಎಂದರು.

ಹೇಳಿದೆ.

"ನಮಗೆ ಅರ್ಧ ಪರ್ಸೆಂಟ್ ಮೇಲೆ ಅಲ್ವಾ, ಸೀನಿಯರ್ ಸಿಟಿಜನ್?"

"ಹೌದಣ್ಣ."

ಬಾಯಿಲೆಕ್ಕ ಹಾಕುವುದು ಕೇಳಿಸಿತು. ಮೆಲ್ಲಗೆ, ನಡುವೆ ನಿಲ್ಲಿಸಿ ನಿಲ್ಲಿಸಿ. ಮೊತ್ತ ಹೇಳಿದರು. ನಾನು ಕ್ಯಾಲ್ಕುಲೇಟರಿನಲ್ಲಿ ನೋಡಿದೆ, ಸರಿಯಾಗಿತ್ತು. ಬ್ಯಾಂಕಿಗೆ ಬರಲು ಮಂಡಿ ಬಿಡುವುದಿಲ್ಲ, ಮೆಟ್ಟಿಲು ಜಾಸ್ತಿ ಎಂದರು.

"ಬರುವುದು ಬೇಡ. ಶನಿವಾರ ಫಾರಂ ನಾನು ತರ್ತೇನೆ" ಎಂದೆ. "ಫೋಟೋ ಎರಡು ತೆಗೆದಿಡಿ."